ಬಿಲ್ಡರ್ ದಿವಾಳಿ ಆದರೆ ಮೊದಲ ಪಾಲು ಯಾರಿಗೆ?

ಪೇಪರಿನ ಒಳಪುಟದಲ್ಲಿ ‘ಸ್ವಾಧೀನ ಪ್ರಕಟಣೆ’ ಎಂಬ ಸಣ್ಣ ಅಕ್ಷರದ ಜಾಹೀರಾತು ನೋಡಿರುತ್ತೀರಿ. ಸಾಲಗಾರರ ಹೆಸರು, ಬಾಕಿ ಮೊತ್ತ, ಆಸ್ತಿಯ ಚಕ್ಕುಬಂದಿ ಅದರಲ್ಲಿ ಇರುತ್ತವೆ. ಅದೇ ನೋಟಿಸಿನ ಇನ್ನೊಂದು ಪ್ರತಿ ಅರ್ಧ ಕಟ್ಟಿ ನಿಂತ ಅಪಾರ್ಟ್‌ಮೆಂಟಿನ ಗೇಟಿಗೂ ಅಂಟಿರುತ್ತದೆ. ಅದನ್ನು ಓದಲು ಬರುವವರು ಮೂರು ಬಗೆ. ಫ್ಲ್ಯಾಟಿಗೆ ದುಡ್ಡು ಕಟ್ಟಿದವರು. ಕಬ್ಬಿಣ, ಸಿಮೆಂಟ್ ಇಳಿಸಿ ಬಿಲ್ಲಿಗಾಗಿ ಕಾಯುತ್ತಿರುವವರು. ವಾರದ ಬಟವಾಡೆ ಬಾಕಿ ಇರುವ ಕೂಲಿಗಳು. ನೋಟಿಸ್ ಅಂಟಿಸಿದ ಬ್ಯಾಂಕು ನಾಲ್ಕನೆಯದು. ಎಲ್ಲರ ಕಣ್ಣೂ ಒಂದೇ ಕಟ್ಟಡದ ಮೇಲೆ.

ಈಚಿನ ಸುದ್ದಿಗಳು ಇವರ ಗೊಂದಲವನ್ನು ಜಾಸ್ತಿ ಮಾಡಿವೆ. ದಿವಾಳಿ ಸಂಹಿತೆಗೆ ತಿದ್ದುಪಡಿ ತರುವ ಮಸೂದೆ 2025ರ ಆಗಸ್ಟ್ 12ರಂದು ಲೋಕಸಭೆಗೆ ಬಂತು. ಅಡಮಾನ ಇಟ್ಟುಕೊಂಡ ಬ್ಯಾಂಕುಗಳ ಕೈ ಬಲವಾಯಿತು ಎಂಬ ವಿಶ್ಲೇಷಣೆ ಬಂತು. ಮರುತಿಂಗಳು ಸುಪ್ರೀಂ ಕೋರ್ಟ್ ಒಂದು ತೀರ್ಪಿನಲ್ಲಿ, ತಲೆಯ ಮೇಲೊಂದು ಸೂರು ಸಂವಿಧಾನದ 21ನೇ ವಿಧಿ ಕೊಟ್ಟ ಬದುಕುವ ಹಕ್ಕಿನ ಭಾಗ ಎಂದಿತು. ಮನೆ ಕೊಂಡವರು ಗೆದ್ದರು ಎಂಬ ಸುದ್ದಿ ಬಂತು. ಹಾಗಾದರೆ ಗೆದ್ದವರು ಯಾರು?

ದಿವಾಳಿ ಆದವರ ಆಸ್ತಿ ಹಂಚುವಾಗ ಕಾನೂನು ಎಲ್ಲರನ್ನೂ ಒಂದು ಸಾಲಿನಲ್ಲಿ ನಿಲ್ಲಿಸುತ್ತದೆ. ಮೇಲಿನವರಿಗೆ ಪೂರ್ತಿ ಕೊಟ್ಟು ಉಳಿದರೆ ಮಾತ್ರ ಕೆಳಗಿನವರಿಗೆ. ಬಿಲ್ಡರ್ ಮುಳುಗಿದ ಮೇಲೆ ಈ ಸಾಲಿನಲ್ಲಿ ಜಾಗ ಹಿಡಿಯಲು ಆಗುವುದಿಲ್ಲ. ಅಗ್ರಿಮೆಂಟಿಗೆ ಸಹಿ ಹಾಕಿದ ದಿನ, ಲಾರಿ ಲೋಡು ಸೈಟಿನಲ್ಲಿ ಇಳಿಸಿದ ದಿನವೇ ಅದು ಹೆಚ್ಚುಕಡಿಮೆ ತೀರ್ಮಾನ ಆಗಿಹೋಗಿರುತ್ತದೆ.

ಟೈಲರ್‌ಗೆ ಇರುವ ಹಕ್ಕು ಮೇಸ್ತ್ರಿಗೆ ಇಲ್ಲ

‘ನಿಮ್ಮ ಖಾತೆಯ ಮೇಲೆ ಲೀನ್ ಹಾಕಲಾಗಿದೆ’ ಎಂಬ ಬ್ಯಾಂಕ್ ಮೆಸೇಜ್ ಹಲವರಿಗೆ ಗೊತ್ತು. ಲೀನ್ ಅಂದರೆ ಬಾಕಿ ತೀರುವ ತನಕ ವಸ್ತುವನ್ನು ಹಿಡಿದಿಟ್ಟುಕೊಳ್ಳುವ ಹಕ್ಕು. ನಮ್ಮಲ್ಲಿ ಇದು ಹೊಸದೇನಲ್ಲ. 1872ರ ಕರಾರು ಕಾಯ್ದೆಯ 170ನೇ ಕಲಂನಲ್ಲೇ ಇದೆ. ಒಬ್ಬರ ವಸ್ತುವಿನ ಮೇಲೆ ಇನ್ನೊಬ್ಬರು ತಮ್ಮ ಕೈಕೆಲಸ ಹಾಕಿದ್ದರೆ, ಕೂಲಿ ಬರುವ ತನಕ ವಸ್ತುವನ್ನು ವಾಪಸ್ ಕೊಡಬೇಕಿಲ್ಲ.

ಕಾಯ್ದೆಯೇ ಎರಡು ಉದಾಹರಣೆ ಕೊಡುತ್ತದೆ. ಒರಟು ವಜ್ರಕ್ಕೆ ಸಾಣೆ ಹಿಡಿದ ಆಭರಣ ಕೆಲಸಗಾರ, ಕೂಲಿ ಸಿಗುವವರೆಗೆ ವಜ್ರ ಇಟ್ಟುಕೊಳ್ಳಬಹುದು. ಎರಡನೆಯದು ಕೋಟು ಹೊಲಿಯುವ ಟೈಲರ್‌ನದು. ಹೊಲಿದ ಕೂಡಲೇ ಕೋಟು ಕೊಡುತ್ತೇನೆ, ದುಡ್ಡಿಗೆ ಮೂರು ತಿಂಗಳು ಟೈಮ್ ಕೊಡುತ್ತೇನೆ ಎಂದು ಆತ ಒಪ್ಪಿದ್ದಾನೆ. ಒಪ್ಪಿದ ಮೇಲೆ ಕೋಟು ಹಿಡಿದಿಟ್ಟುಕೊಳ್ಳುವ ಹಕ್ಕು ಹೋಯಿತು. ಕೈಯಲ್ಲಿ ವಸ್ತು ಇರಬೇಕು, ಉದ್ದರಿ ಕೊಟ್ಟಿರಬಾರದು. ಈ ಎರಡು ಷರತ್ತು ಮರೆಯಬೇಡಿ.

ಈಗ ಕಟ್ಟಡಕ್ಕೆ ಬನ್ನಿ. ಕಬ್ಬಿಣದ ವ್ಯಾಪಾರಿಗೆ 1930ರ ಸರಕು ಮಾರಾಟ ಕಾಯ್ದೆಯಲ್ಲಿ ಇಂಥದೇ ಹಕ್ಕಿದೆ. ಆದರೆ ಸರಕು ಇನ್ನೂ ತನ್ನ ಹತ್ತಿರ ಇದ್ದಾಗ ಮಾತ್ರ. ಲಾರಿ ಸೈಟಿನಲ್ಲಿ ಇಳಿಯಿತು, ಡೆಲಿವರಿ ಚಲನ್‌ಗೆ ಸೂಪರ್‌ವೈಸರ್ ಸಹಿ ಬಿತ್ತು ಎಂದರೆ ಹಕ್ಕು ಮುಗಿಯಿತು. ಕಬ್ಬಿಣವನ್ನು ಕಾಲಂಗೆ ಕಟ್ಟಿ ಕಾಂಕ್ರೀಟ್ ಸುರಿದರೆ ಅದು ಸರಕಾಗಿಯೂ ಉಳಿಯುವುದಿಲ್ಲ, ಭೂಮಿಯ ಭಾಗ ಆಗುತ್ತದೆ. ಭೂಮಿ ಬ್ಯಾಂಕಿಗೆ ಅಡ ಇದ್ದರೆ ಆ ಕಬ್ಬಿಣವೂ ಅಡಕ್ಕೆ ಸೇರಿತು. ದುಡ್ಡು ಕೊಡದ ಕಬ್ಬಿಣದಿಂದ ಬ್ಯಾಂಕಿನ ಅಡಮಾನದ ಬೆಲೆ ಏರಿತು, ಅಲ್ವಾ?

ಮೇಸ್ತ್ರಿ, ಸೆಂಟ್ರಿಂಗ್‌ನವರು, ಪ್ಲಂಬರ್, ರೆಡಿಮಿಕ್ಸ್ ಕಳಿಸಿದವರು, ಎಲ್ಲರ ಕಥೆಯೂ ಇದೇ. ಇವರ ದುಡಿಮೆ ನೆಲಕ್ಕೆ ಅಂಟಿಕೊಂಡಿತು, ನೆಲ ಇವರ ಕೈಯಲ್ಲಿಲ್ಲ. ಉದ್ದರಿ ಕೊಡದೆ ಈ ವ್ಯಾಪಾರ ನಡೆಯುವುದೂ ಇಲ್ಲ. ಕಟ್ಟಡದ ಮೇಲೆಯೇ ಹಕ್ಕು ಕೊಡುವ ನಿರ್ಮಾಣ ಲೀನ್ ಕಾನೂನು ಭಾರತದಲ್ಲಿ ಇಲ್ಲ.

ಹೊರಗೆ ಬೇರೆ ದಾರಿ ಇದೆ

ಅಮೆರಿಕದಲ್ಲಿ ಇದೆ. ವಾಷಿಂಗ್ಟನ್ ನಗರ ಕಟ್ಟಲು ಕೆಲಸಗಾರರು ಬೇಕಾಗಿದ್ದ ಕಾಲ. ಥಾಮಸ್ ಜೆಫರ್ಸನ್, ಜೇಮ್ಸ್ ಮ್ಯಾಡಿಸನ್ ಬೆಂಬಲದಿಂದ ಮೇರಿಲ್ಯಾಂಡ್ ರಾಜ್ಯ 1791ರಲ್ಲಿ ಇಂಥ ಮೊದಲ ಕಾನೂನು ಮಾಡಿತು. ಕೂಲಿ ಸಿಗದಿದ್ದರೆ ಕಟ್ಟಡದ ಮೇಲೇ ಹಕ್ಕು ಇರುತ್ತದೆ ಎಂಬ ಭರವಸೆ ಕೊಟ್ಟು ಕೆಲಸಗಾರರನ್ನು ಕರೆದರು. ಇವತ್ತು ಎಲ್ಲ ರಾಜ್ಯಗಳಲ್ಲೂ ಒಂದಲ್ಲ ಒಂದು ರೂಪದಲ್ಲಿ ಇದೆ. ಕ್ಯಾಲಿಫೋರ್ನಿಯಾದಲ್ಲಂತೂ ರಾಜ್ಯದ ಸಂವಿಧಾನದಲ್ಲೇ ಬರೆದಿದ್ದಾರೆ.

ಅಲ್ಲಿಯೂ ಬ್ಯಾಂಕಿಗೂ ಕಂಟ್ರಾಕ್ಟರ್‌ಗೂ ಜಗಳ ತಪ್ಪಿಲ್ಲ. ಯಾರ ಹಕ್ಕು ಮೊದಲು ಎಂಬುದಕ್ಕೆ ಕೆಲವು ರಾಜ್ಯಗಳು ಲೀನ್ ನೋಂದಾಯಿಸಿದ ದಿನ ನೋಡುತ್ತವೆ. ಕ್ಯಾಲಿಫೋರ್ನಿಯಾ ಸೈಟಿನಲ್ಲಿ ಕೆಲಸ ಕಣ್ಣಿಗೆ ಕಾಣುವಂತೆ ಶುರುವಾದ ದಿನಕ್ಕೆ ಹೋಗುತ್ತದೆ. ಬ್ಯಾಂಕು ಅಡಮಾನ ನೋಂದಾಯಿಸುವ ಮೊದಲೇ ಪಾಯ ತೋಡಿದ್ದರೆ, ತಿಂಗಳುಗಳ ನಂತರ ಬಂದ ಪ್ಲಂಬರ್‌ನ ಲೀನ್ ಕೂಡ ಬ್ಯಾಂಕಿಗಿಂತ ಮುಂದೆ ನಿಲ್ಲಬಹುದು. ಅದಕ್ಕೇ ಸಾಲ ಕೊಡುವವರು ಅಡಮಾನ ದಾಖಲಾಗುವ ತನಕ ಸೈಟಿನಲ್ಲಿ ಒಂದು ಗುದ್ದಲಿ ಏಟೂ ಬೀಳದಂತೆ ಕಾಯುತ್ತಾರೆ. ಅಲ್ಲಿ ಮನೆ ಕಟ್ಟಿಸುವ ಕನ್ನಡಿಗರಿಗೂ ಈ ಕಾನೂನು ತಾಗುತ್ತದೆ. ಕಂಟ್ರಾಕ್ಟರ್‌ಗೆ ಪೂರ್ತಿ ದುಡ್ಡು ಕೊಟ್ಟಿದ್ದರೂ ಆತ ಪ್ಲಂಬರ್‌ಗೆ ಕೊಟ್ಟಿಲ್ಲ ಎಂದರೆ ಲೀನ್ ಮನೆಯ ಮೇಲೇ ಬೀಳಬಹುದು. ಆಗ ಒಂದೇ ಕೆಲಸಕ್ಕೆ ಎರಡು ಸಲ ದುಡ್ಡು ಹೋಗುವ ಅಪಾಯ ಇದೆ. ಹಾಗಾಗಿ ಒಂದೊಂದು ಕಂತು ಕೊಡುವಾಗಲೂ ಕೆಳಗಿನವರಿಂದ ಲೀನ್ ಬಿಟ್ಟುಕೊಟ್ಟ ಪತ್ರ ತೆಗೆದುಕೊಳ್ಳುವ ರೂಢಿ ಬಂದಿದೆ.

ಕೆನಡಾದ ಒಂಟಾರಿಯೊ ಪ್ರಾಂತ್ಯದ ದಾರಿ ಇನ್ನೂ ನಾಜೂಕು. ಮಾಲೀಕರು ಪ್ರತಿ ಬಿಲ್ಲಿನಲ್ಲಿ ನೂರಕ್ಕೆ 10ರಷ್ಟನ್ನು ಕಾನೂನು ಪ್ರಕಾರವೇ ತಡೆಹಿಡಿಯಬೇಕು. ಕಾನೂನು ಹೇಳಿದ ಗಡುವು ಮುಗಿದ ಮೇಲೇ ಅದನ್ನು ಬಿಡಬೇಕು. ಕೆಳಗಿನ ಕೆಲಸಗಾರರಿಗಾಗಿ ಕಾದಿಟ್ಟ ಗಂಟು ಅದು. ಮಾಲೀಕರು ಅದನ್ನು ಸರಿಯಾಗಿ ಇಟ್ಟಿಲ್ಲದಿದ್ದರೆ, ಕಟ್ಟಡಕ್ಕೆ ಸಾಲ ಕೊಟ್ಟ ಬ್ಯಾಂಕಿನ ಅಡಮಾನಕ್ಕಿಂತ ಲೀನ್ ಮುಂದೆ ಬರುತ್ತದೆ, ಆ ಕೊರತೆಯಷ್ಟು ಮೊತ್ತಕ್ಕೆ ಮಾತ್ರ. ಬ್ಯಾಂಕಿಗೆ ತನ್ನ ಅಪಾಯ ಎಷ್ಟು ಅಂತ ಮೊದಲೇ ಗೊತ್ತಿರುತ್ತದೆ.

ನಮ್ಮಲ್ಲೂ ಬಿಲ್ಲಿನಲ್ಲಿ ಒಂದು ಭಾಗ ಹಿಡಿಯುತ್ತಾರೆ, ಅದಕ್ಕೆ ರಿಟೆನ್ಷನ್ ಎನ್ನುತ್ತಾರೆ. ಅದು ಕೆಲಸ ಕೆಟ್ಟರೆ ಇರಲಿ ಎಂದು ಬಿಲ್ಡರ್ ತನಗಾಗಿ ಇಟ್ಟುಕೊಳ್ಳುವ ದುಡ್ಡು. ಬೇರೆ ಖಾತೆಯಲ್ಲಿ ಇಡಬೇಕೆಂಬ ಕಟ್ಟಳೆ ಇಲ್ಲ. ಬಿಲ್ಡರ್ ಮುಳುಗಿದರೆ ಅದೂ ಮುಳುಗುತ್ತದೆ. ಕಂಟ್ರಾಕ್ಟರ್ ದುಡಿದು ಗಳಿಸಿದ ದುಡ್ಡು ಹೀಗೆ ಹೋಗುವುದು ಅನ್ಯಾಯ ಎಂದೇ ಹೇಳಬೇಕು.

ಸಾಲು ಹೇಗಿದೆ, ಒಂದು ಲೆಕ್ಕ

2016ರ ದಿವಾಳಿ ಸಂಹಿತೆಯ 53ನೇ ಕಲಂ ಈ ಸಾಲನ್ನು ಹೇಳುತ್ತದೆ. ಕಂಪನಿಯನ್ನು ಮುಚ್ಚಿ ಆಸ್ತಿ ಮಾರಿದಾಗ ಮೊದಲು ಪ್ರಕ್ರಿಯೆಯ ಖರ್ಚು. ಆಮೇಲೆ ಒಂದೇ ಮೆಟ್ಟಿಲಲ್ಲಿ ಇಬ್ಬರು: ಕಾರ್ಮಿಕರ ಹಿಂದಿನ 24 ತಿಂಗಳ ಬಾಕಿ, ಮತ್ತು ಅಡಮಾನವನ್ನು ಎಲ್ಲರಿಗೂ ಹಂಚುವ ಸಾಮಾನ್ಯ ಗಂಟಿಗೆ ಬಿಟ್ಟುಕೊಟ್ಟ ಬ್ಯಾಂಕುಗಳು. ಮೂರನೆಯದು ಉಳಿದ ನೌಕರರ 12 ತಿಂಗಳ ಸಂಬಳ. ನಾಲ್ಕನೆಯದು ಅಡಮಾನ ಇಲ್ಲದ ಹಣಕಾಸು ಸಾಲಿಗರು, ಅಂದರೆ ಅಡಮಾನ ಇಲ್ಲದೆ ದುಡ್ಡು ಸಾಲ ಕೊಟ್ಟವರು. ಐದನೆಯದರಲ್ಲಿ ಸರ್ಕಾರದ ತೆರಿಗೆ ಬಾಕಿ. ಸರಕು ಕೊಟ್ಟವರು, ಕಂಟ್ರಾಕ್ಟರ್‌ಗಳು ಅದಕ್ಕಿಂತ ಕೆಳಗೆ, ‘ಉಳಿದ ಸಾಲಗಳು’ ಎಂಬಲ್ಲಿ. ಷೇರುದಾರರು ಕೊನೆಗೆ.

ಲೆಕ್ಕಕ್ಕೆಂದು ಒಂದು ಯೋಜನೆ ಊಹಿಸಿಕೊಳ್ಳೋಣ. ಅರ್ಧ ಕಟ್ಟಿದ ಕಟ್ಟಡ, ಜಾಗ ಎಲ್ಲ ಸೇರಿ 60 ಕೋಟಿಗೆ ಹೋಯಿತು. ಪ್ರಕ್ರಿಯೆಯ ಖರ್ಚು 3 ಕೋಟಿ. ಉಳಿದದ್ದು 57 ಕೋಟಿ. ಕಂಪನಿಯ ಕಾರ್ಮಿಕರಿಗೆ ಬಾಕಿ 2 ಕೋಟಿ, ಬ್ಯಾಂಕಿಗೆ 80 ಕೋಟಿ. ಇಬ್ಬರೂ ಒಂದೇ ಮೆಟ್ಟಿಲು, ಹಾಗಾಗಿ ಇಬ್ಬರಿಗೂ ರೂಪಾಯಿಗೆ ಸುಮಾರು 70 ಪೈಸೆ. ಅಲ್ಲಿಗೆ ಗಂಟು ಖಾಲಿ. ಮನೆ ಕೊಂಡವರ 50 ಕೋಟಿಗೆ ಸೊನ್ನೆ. ಕಂಟ್ರಾಕ್ಟರ್‌ಗಳ 12 ಕೋಟಿಗೂ ಸೊನ್ನೆ.

ಕಾರ್ಮಿಕರು ಮೇಲೆ ಇದ್ದಾರಲ್ಲ ಎಂದು ಸಮಾಧಾನ ಪಡುವ ಮೊದಲು ಇನ್ನೊಂದು ವಿಷಯ ನೋಡಬೇಕು. ಆ ಮೆಟ್ಟಿಲು ಮುಳುಗಿದ ಕಂಪನಿಯ ಸ್ವಂತ ಕಾರ್ಮಿಕರಿಗೆ. ಸೈಟಿನಲ್ಲಿ ಇಟ್ಟಿಗೆ ಹೊತ್ತವರು, ಸೆಂಟ್ರಿಂಗ್ ಕಟ್ಟಿದವರು ಸಾಮಾನ್ಯವಾಗಿ ಬಿಲ್ಡರ್ ಕಂಪನಿಯ ಹಾಜರಿ ಪುಸ್ತಕದಲ್ಲೇ ಇರುವುದಿಲ್ಲ. ಅವರು ಕಂಟ್ರಾಕ್ಟರ್‌ನ ಜನ, ಎಷ್ಟೋ ಸಲ ಕಂಟ್ರಾಕ್ಟರ್‌ನ ಕೈಕೆಳಗಿನ ಮೇಸ್ತ್ರಿಯ ಜನ.

ಕಂಪನಿ ಮುಚ್ಚದೆ ಬೇರೆಯವರು ಅದನ್ನು ತೆಗೆದುಕೊಂಡರೆ? ಆಗ ಸಾಲ ಕೊಟ್ಟವರ, ಅಂದರೆ ಸಾಲಿಗರ ಸಮಿತಿ, ಕಂಪನಿಯನ್ನು ಉಳಿಸುವ ‘ಪರಿಹಾರ ಯೋಜನೆ’ಗೆ ಮತ ಹಾಕುತ್ತದೆ. ಆ ಸಮಿತಿಯಲ್ಲಿ ಮತ ಇರುವುದು ಹಣಕಾಸು ಸಾಲಿಗರಿಗೆ ಮಾತ್ರ. ಸರಕು, ಸೇವೆ ಕೊಟ್ಟವರಿಗೆ ಮತ ಇಲ್ಲ. ಮುಚ್ಚಿದ್ದರೆ ಅಥವಾ ಯೋಜನೆಯ ಮೊತ್ತವನ್ನೇ 53ನೇ ಕಲಂ ಪ್ರಕಾರ ಹಂಚಿದ್ದರೆ ಎಷ್ಟು ಸಿಗುತ್ತಿತ್ತೋ, ಎರಡರಲ್ಲಿ ಜಾಸ್ತಿ ಇರುವಷ್ಟನ್ನು ಕೊಟ್ಟರೆ ಸಾಕು ಎನ್ನುತ್ತದೆ ಕಾನೂನು. ಮೇಲಿನ ಲೆಕ್ಕದಂತೆ ಆದರೆ ಅದೂ ಸೊನ್ನೆ. 2019ರ ನವೆಂಬರ್‌ನಲ್ಲಿ ಎಸ್ಸಾರ್ ಸ್ಟೀಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಎರಡೂ ಬಗೆಯ ಸಾಲಿಗರನ್ನು ಸಮಾನವಾಗಿ ನೋಡಲೇಬೇಕೆಂದಿಲ್ಲ, ಸಮಿತಿಯ ವ್ಯಾವಹಾರಿಕ ತೀರ್ಮಾನಕ್ಕೆ ಬಿಡಬೇಕು ಎಂದಿತು.

ಮನೆ ಕೊಂಡವರು ಮೇಲೇರಿದ ಬಗೆ

ಮನೆ ಕೊಂಡವರೂ ಮೊದಲು ಯಾವ ಲೆಕ್ಕಕ್ಕೂ ಇರಲಿಲ್ಲ. ಜೇಪಿ ಇನ್‌ಫ್ರಾಟೆಕ್ ಎಂಬ ಬಿಲ್ಡರ್ ಕಂಪನಿ 2017ರ ಆಗಸ್ಟ್‌ನಲ್ಲಿ ದಿವಾಳಿ ಪ್ರಕ್ರಿಯೆಗೆ ಹೋದಾಗ ಸಾವಿರಾರು ಕುಟುಂಬಗಳಿಗೆ ಇದು ಅರಿವಾಯಿತು. ಅವರು ಸಾಲ ಕೊಟ್ಟವರೂ ಅಲ್ಲ, ಸರಕು ಕೊಟ್ಟವರೂ ಅಲ್ಲ. ಕೂಗು ಎದ್ದ ಮೇಲೆ 2018ರ ಜೂನ್‌ನಲ್ಲಿ ಸುಗ್ರೀವಾಜ್ಞೆ ಬಂತು. ಫ್ಲ್ಯಾಟಿಗೆ ಕಟ್ಟಿದ ದುಡ್ಡನ್ನು ಹಣಕಾಸು ಸಾಲ ಎಂದೇ ಎಣಿಸಬೇಕು ಎಂದಿತು. ಬಿಲ್ಡರ್‌ಗಳು ಪ್ರಶ್ನಿಸಿದರು. 2019ರ ಆಗಸ್ಟ್‌ನಲ್ಲಿ ಪಯೋನಿಯರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಹಿಂದೆಯೇ ಒಂದು ಕಡಿವಾಣವೂ ಬಂತು: ಪ್ರಕ್ರಿಯೆ ಶುರುಮಾಡಿಸಲು ಒಂದೇ ಯೋಜನೆಯ 100 ಜನ ಅಥವಾ ನೂರಕ್ಕೆ 10 ಜನ ಒಟ್ಟಾಗಬೇಕು. 2025ರ ಸೆಪ್ಟೆಂಬರ್ ತೀರ್ಪು ಇನ್ನೊಂದು ಗೆರೆ ಎಳೆಯಿತು. ವಾಸಕ್ಕಲ್ಲದೆ ನಿಗದಿತ ಲಾಭದ ಆಸೆಯಿಂದ ದುಡ್ಡು ಹಾಕಿದವರು ಈ ದಾರಿ ಹಿಡಿಯುವಂತಿಲ್ಲ.

ಇದರಿಂದ ಸಿಕ್ಕಿದ್ದು ಮತ. ಅಡಮಾನ ಸಿಗಲಿಲ್ಲ. ಈ ವ್ಯತ್ಯಾಸ ತುಂಬ ಜನಕ್ಕೆ ತಿಳಿದಿಲ್ಲ. ಕಟ್ಟಡ ಪೂರ್ತಿ ಮಾಡಿಕೊಡುವ ಯೋಜನೆ ಬಂದರೆ ಆ ಮತಕ್ಕೆ ಭಾರೀ ಬೆಲೆ. ಕಂಪನಿ ಮುಚ್ಚಿದರೆ ಅವರು ಸಾಮಾನ್ಯವಾಗಿ ನಾಲ್ಕನೇ ಮೆಟ್ಟಿಲಿನವರು. ಅದಕ್ಕೇ ದುಡ್ಡು ವಾಪಸ್ ಬೇಕು ಎನ್ನುವವರೂ ಕೊನೆಗೆ ಮನೆಯಾದರೂ ಸಿಗಲಿ ಎಂಬ ಕಡೆ ವಾಲುತ್ತಾರೆ.

ಬ್ಯಾಂಕಾ, ರೇರಾನಾ?

ರಿಯಲ್ ಎಸ್ಟೇಟ್ ವ್ಯವಹಾರವನ್ನು ನಿಯಂತ್ರಿಸುವ 2016ರ ರೇರಾ ಕಾಯ್ದೆಯ 11ನೇ ಕಲಂನಲ್ಲಿ ಒಂದು ಸಾಲು ಇದೆ. ಮಾರಾಟದ ಅಗ್ರಿಮೆಂಟ್ ಆದ ಮೇಲೆ ಆ ಫ್ಲ್ಯಾಟನ್ನು ಬಿಲ್ಡರ್ ಅಡ ಇಡುವಂತಿಲ್ಲ. ಇಟ್ಟರೂ ಕೊಂಡವರ ಹಕ್ಕಿಗೆ ಧಕ್ಕೆ ಇಲ್ಲ. ಇಲ್ಲಿ ‘ಆದ ಮೇಲೆ’ ಎಂಬ ಮಾತಿನ ಮೇಲೆ ಎಲ್ಲ ನಿಂತಿದೆ. ಅಡಮಾನ ಮೊದಲೇ ಇದ್ದು, ಅಗ್ರಿಮೆಂಟ್ ಆಮೇಲೆ ಆಗಿದ್ದರೆ ಈ ಸಾಲು ಕಾಪಾಡುವುದಿಲ್ಲ.

ಕೋರ್ಟಿಗೆ ಹೋಗದೆಯೇ ಅಡಮಾನದ ಆಸ್ತಿ ಹಿಡಿಯಲು ಬ್ಯಾಂಕಿಗೆ ಅಧಿಕಾರ ಕೊಡುವ ಸರ್ಫೇಸಿ ಕಾಯ್ದೆಯಡಿ ಯೋಜನೆಯನ್ನೇ ವಶಕ್ಕೆ ತೆಗೆದುಕೊಂಡರೆ? ರಾಜಸ್ಥಾನ ಹೈಕೋರ್ಟ್, ಎರಡು ಕಾಯ್ದೆಗಳಿಗೆ ತಿಕ್ಕಾಟ ಬಂದರೆ ರೇರಾ ಮೇಲು, ಕೊಂಡವರು ಬ್ಯಾಂಕಿನ ಮೇಲೂ ರೇರಾ ಪ್ರಾಧಿಕಾರಕ್ಕೆ ದೂರು ಕೊಡಬಹುದು ಎಂದಿತ್ತು. 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅದರಲ್ಲಿ ಕೈಹಾಕಲಿಲ್ಲ. ಅದಕ್ಕೂ ಮೊದಲು, 2019ರ ಜುಲೈನಲ್ಲಿ, ಅಮ್ರಪಾಲಿ ಎಂಬ ಬಿಲ್ಡರ್ ಪ್ರಕರಣದಲ್ಲಿ ಕೋರ್ಟ್ ಇನ್ನೂ ಮುಂದೆ ಹೋಗಿತ್ತು. ಬ್ಯಾಂಕುಗಳಾಗಲಿ, ನೋಯ್ಡಾ ಪ್ರಾಧಿಕಾರಗಳಾಗಲಿ ತಮ್ಮ ಬಾಕಿಯನ್ನು ಕೊಂಡವರ ಫ್ಲ್ಯಾಟುಗಳಿಂದ ವಸೂಲಿ ಮಾಡುವಂತಿಲ್ಲ ಎಂದು ಹೇಳಿ, ಕಟ್ಟಡ ಮುಗಿಸುವ ಕೆಲಸವನ್ನು ಸರ್ಕಾರಿ ಸಂಸ್ಥೆ ಎನ್‌ಬಿಸಿಸಿಗೆ ಒಪ್ಪಿಸಿತು.

ಕರ್ನಾಟಕದಲ್ಲಿ ರೇರಾ ಆದೇಶ ಕೈಯಲ್ಲಿದ್ದೂ ದುಡ್ಡು ಬರದೆ ತಹಶೀಲ್ದಾರ್ ಕಚೇರಿಗೆ ಅಲೆಯುವವರಿಗೆ ಒಂದು ಮಾತು. ಭೂಕಂದಾಯ ಬಾಕಿಯ ಹಾಗೆ ವಸೂಲಿ ಮಾಡುವ ಆದೇಶ ಪಡೆದರೂ ನೀವು ಹಣಕಾಸು ಸಾಲಿಗರಾಗಿಯೇ ಉಳಿಯುತ್ತೀರಿ ಎಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ವಿಶಾಲ್ ಚೆಲಾನಿ ಪ್ರಕರಣದಲ್ಲಿ ಹೇಳಿದೆ. ಆದೇಶ ಪಡೆದದ್ದರಿಂದ ಸಾಲಿನಲ್ಲಿ ಕೆಳಗೆ ಇಳಿಯುವುದಿಲ್ಲ.

ಮಸೂದೆಯ ಒಂದು ಸಾಲು

2022ರ ಸೆಪ್ಟೆಂಬರ್‌ನಲ್ಲಿ ರೇನ್‌ಬೋ ಪೇಪರ್ಸ್ ಎಂಬ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬ್ಯಾಂಕುಗಳ ನಿದ್ದೆ ಕೆಡಿಸಿತು. ಗುಜರಾತಿನ ವ್ಯಾಟ್ ಕಾಯ್ದೆಯಲ್ಲಿ ತೆರಿಗೆ ಬಾಕಿಗೆ ಆಸ್ತಿಯ ಮೇಲೆ ಮೊದಲ ಹಕ್ಕು ಎಂದು ಬರೆದಿತ್ತು. ಹಾಗಾಗಿ ಸರ್ಕಾರವೂ ಅಡಮಾನ ಇರುವ ಸಾಲಿಗನೇ ಎಂದಿತು ಕೋರ್ಟ್. ಐದನೇ ಮೆಟ್ಟಿಲಲ್ಲಿದ್ದ ತೆರಿಗೆ ಇಲಾಖೆ ಎರಡನೆಯದಕ್ಕೆ ಜಿಗಿಯಿತು. ನಮ್ಮ ಲೆಕ್ಕದಲ್ಲಿ 5 ಕೋಟಿ ತೆರಿಗೆ ಬಾಕಿ ಹೀಗೆ ಮೇಲೆ ಬಂದರೆ ಬ್ಯಾಂಕಿಗೂ ಕಾರ್ಮಿಕರಿಗೂ ಸಿಗುವುದು 70 ಪೈಸೆಯಿಂದ ಸುಮಾರು 65ಕ್ಕೆ ಇಳಿಯುತ್ತದೆ. 2023ರ ಜುಲೈನಲ್ಲಿ ಇನ್ನೊಂದು ಪೀಠ, ಆ ತೀರ್ಪು ಆ ಪ್ರಕರಣಕ್ಕಷ್ಟೇ ಸೀಮಿತ ಎಂದಿತು. 2024ರ ಫೆಬ್ರವರಿಯಲ್ಲಿ ಗ್ರೇಟರ್ ನೋಯ್ಡಾ ಪ್ರಾಧಿಕಾರದ ಬಾಕಿಗೆ ಮತ್ತೆ ಕಾನೂನೇ ಕೊಟ್ಟ ಹಕ್ಕಿನ ಆಧಾರದಲ್ಲಿ ಮೇಲಿನ ಜಾಗ ಸಿಕ್ಕಿತು. ಓದುಗರಿಗೆ ಗೊಂದಲ ಆಗದೆ ಇನ್ನೇನಾಗುತ್ತದೆ?

2025ರ ಮಸೂದೆ ಇದಕ್ಕೆ ತೆರೆ ಎಳೆಯಲು ಬಂದದ್ದು. ಇಬ್ಬರು ಒಪ್ಪಂದ ಮಾಡಿಕೊಂಡು ಹುಟ್ಟಿದ ಹಕ್ಕನ್ನು ಮಾತ್ರ ಅಡಮಾನದ ಹಕ್ಕು ಎಂದು ಎಣಿಸಬೇಕು, ಯಾವುದೋ ಕಾನೂನಿನ ಬಲದಿಂದಷ್ಟೇ ಹುಟ್ಟಿದ್ದನ್ನು ಎಣಿಸಬಾರದು ಎನ್ನುತ್ತದೆ ಅದು. ಗುರಿ ಸರ್ಕಾರದ ಬಾಕಿ. ಅಷ್ಟರ ಮಟ್ಟಿಗೆ ಸರಿ. ಸರ್ಕಾರ ಬೇರೆ ದಾರಿಯಲ್ಲಿ ತೆರಿಗೆ ಎತ್ತಬಲ್ಲದು, ಕೂಲಿಯವರಿಗೆ ಬೇರೆ ದಾರಿ ಇಲ್ಲ.

ಆದರೆ ಆ ಸಾಲು ಸರ್ಕಾರದ ಹಕ್ಕಿಗೆ ಮಾತ್ರ ತಾಗುವುದಿಲ್ಲ. ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ, ಆಸ್ತಿಗೆ ಮುಂಗಡ ಕೊಟ್ಟು ಕಾಯುತ್ತಿರುವವರಿಗೆ ಆ ಆಸ್ತಿಯ ಮೇಲೆ ಒಂದು ಹಕ್ಕು ಕೊಡುತ್ತದೆ. ಅದೂ ಒಪ್ಪಂದದಿಂದ ಹುಟ್ಟಿದ್ದಲ್ಲ, ಕಾನೂನಿನಿಂದ ಹುಟ್ಟಿದ್ದು. ಮಸೂದೆಯ ಪದಗಳನ್ನು ಇದ್ದ ಹಾಗೇ ಓದಿದರೆ, ದಿವಾಳಿಯ ಸಾಲಿನಲ್ಲಿ ಆ ಹಕ್ಕನ್ನು ತೋರಿಸಿ ಮೇಲೆ ಬರುವುದು ಮನೆ ಕೊಂಡವರಿಗೆ ಇನ್ನೂ ಕಷ್ಟ. ಕಂಟ್ರಾಕ್ಟರ್‌ಗಳ ವಿಷಯವೂ ಹಾಗೇ. ನಾಳೆ ಯಾವುದಾದರೂ ರಾಜ್ಯ ಮೇರಿಲ್ಯಾಂಡಿನ ಹಾಗೆ ಲೀನ್ ಕಾನೂನು ಮಾಡಿದರೂ, ಬಿಲ್ಡರ್ ದಿವಾಳಿ ಆದ ಕೂಡಲೇ ಆ ಲೀನ್ ‘ಕಾನೂನಿನ ಬಲದಿಂದ ಹುಟ್ಟಿದ್ದು’ ಎಂದು ಪಕ್ಕಕ್ಕೆ ಹೋಗುತ್ತದೆ. ಅತಿ ಬೇಕಾದ ಹೊತ್ತಿನಲ್ಲೇ ಅದು ಕೆಲಸಕ್ಕೆ ಬರುವುದಿಲ್ಲ.

ಬ್ಯಾಂಕುಗಳ ವಾದವೂ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಇಸಿಯಲ್ಲಿ (ಋಣಭಾರ ಪ್ರಮಾಣಪತ್ರ) ಕಾಣದ, ಅಡಮಾನಗಳ ಕೇಂದ್ರ ನೋಂದಣಿಯಾದ ಸೆರ್ಸಾಯ್ ದಾಖಲೆಯಲ್ಲಿ ಇಲ್ಲದ ಹಕ್ಕುಗಳು ಆಮೇಲೆ ಎದ್ದು ಬಂದರೆ, ಸಾಲ ಕೊಡುವವರು ಬಡ್ಡಿ ಏರಿಸುತ್ತಾರೆ ಅಥವಾ ಸಾಲವನ್ನೇ ಕೊಡುವುದಿಲ್ಲ. ಕೊನೆಗೆ ಫ್ಲ್ಯಾಟಿನ ಬೆಲೆಗೇ ಅದು ಬಂದು ಕೂರುತ್ತದೆ. ಈ ತೊಂದರೆಗೆ ಒಂಟಾರಿಯೊ ಮಾದರಿಯಲ್ಲಿ ಉತ್ತರ ಇದೆ. ಮೊತ್ತಕ್ಕೆ ಮಿತಿ ಇರಲಿ, ಗಡುವು ಇರಲಿ, ಎಲ್ಲರಿಗೂ ಕಾಣುವ ನೋಂದಣಿ ಇರಲಿ. ಗುಪ್ತ ಹಕ್ಕು ಬೇಡ ಎನ್ನುವುದಕ್ಕೂ ಹಕ್ಕೇ ಬೇಡ ಎನ್ನುವುದಕ್ಕೂ ಬಹಳ ದೂರ. ಮಸೂದೆ ಎರಡನ್ನೂ ಒಂದೇ ಏಟಿಗೆ ಕತ್ತರಿಸುತ್ತಿದೆ.

ಸದ್ಯಕ್ಕೆ ಕೈಯಲ್ಲಿ ಇರುವುದು

ಕೊಳ್ಳುವವರು ಸಹಿ ಹಾಕುವ ಮೊದಲು ನೋಡಬೇಕಾದದ್ದು ದಿನಾಂಕ. ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಇಸಿ ತೆಗೆಸಿ, ಯೋಜನೆಯ ಜಾಗ ಅಡ ಇದೆಯಾ, ಯಾವಾಗಿನಿಂದ ಎಂದು ನೋಡಿ. ಇದ್ದರೆ ನಿಮ್ಮ ಫ್ಲ್ಯಾಟಿನ ನಂಬರ್ ಹೆಸರಿಸಿ ಬ್ಯಾಂಕು ಕೊಟ್ಟ ಎನ್‌ಒಸಿ ಕೇಳಿ. ನೂರಕ್ಕೆ 10ಕ್ಕಿಂತ ಜಾಸ್ತಿ ಕಟ್ಟುವ ಮೊದಲು ಅಗ್ರಿಮೆಂಟ್ ನೋಂದಣಿ ಆಗಬೇಕೆಂದು ರೇರಾ ಕಾಯ್ದೆಯ 13ನೇ ಕಲಂ ಹೇಳುತ್ತದೆ. ಅದನ್ನು ಬಿಟ್ಟುಕೊಡಬೇಡಿ.

ಸಣ್ಣ ಉದ್ದಿಮೆಯಾಗಿ ನೋಂದಾಯಿಸಿದ ಸರಬರಾಜುದಾರರಿಗೆ 45 ದಿನದೊಳಗೆ ದುಡ್ಡು ಕೊಡಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಎಂದು 2006ರ ಕಾಯ್ದೆ ಇದೆ. ಬಿಲ್ಡರ್ ನಿಂತಿರುವ ತನಕ ಇದು ಒಳ್ಳೆಯ ಅಸ್ತ್ರ. ದಿವಾಳಿ ಅರ್ಜಿ ಅಂಗೀಕಾರ ಆದ ದಿನದಿಂದ ದಾವೆ, ವಸೂಲಿ ಎಲ್ಲಕ್ಕೂ ತಡೆ ಬೀಳುತ್ತದೆ. ಆಮೇಲೆ ಉಳಿಯುವುದು ಕ್ಲೇಮ್ ಸಲ್ಲಿಸುವುದೊಂದೇ. ಸರಕು, ಸೇವೆ ಕೊಟ್ಟವರಿಗೆ ಬಿ ಫಾರಂ, ಮನೆ ಕೊಂಡವರಿಗೆ ಸಿಎ ಫಾರಂ, ಕಾರ್ಮಿಕರಿಗೆ ಡಿ ಫಾರಂ. ಎಲ್ಲದಕ್ಕೂ ಗಡುವು ಇದೆ, ಎಲ್ಲದಕ್ಕೂ ಕಾಗದ ಬೇಕು. ಬ್ಯಾಂಕಿನ ಹತ್ತಿರ ಅಡಮಾನ ಪತ್ರ ಇರುತ್ತದೆ. ಕೊಂಡವರ ಹತ್ತಿರ ಅಗ್ರಿಮೆಂಟ್ ಮತ್ತು ರಸೀದಿ. ವ್ಯಾಪಾರಿಯ ಹತ್ತಿರ ಸಹಿ ಬಿದ್ದ ಚಲನ್. ಸೈಟಿನಲ್ಲಿ ಆರು ತಿಂಗಳು ಕಬ್ಬಿಣ ಕಟ್ಟಿದವರ ಹೆಸರು ಮತ್ತು ಹಾಜರಿ ಇರುವುದು ಮೇಸ್ತ್ರಿಯ ಜೇಬಿನ ಸಣ್ಣ ನೋಟ್‌ಬುಕ್ಕಿನಲ್ಲಿ, ಪೆನ್ಸಿಲ್ಲಿನಲ್ಲಿ.